ಗಂಟು ನೋವಿಗೆ ಇಂಜೆಕ್ಷನ್: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮೊಣಗಂಟಿನ ನೋವಿನ ಪತ್ರಗಳು ಈ ಅಂಕಣಕ್ಕೆ ಹೊಸತಲ್ಲ. ಈ ಸಲ ಮಾತ್ರ ಹೆಚ್ಚಿನವು ಒಂದೇ ಪ್ರಶ್ನೆ ಹಿಡಿದು ಬಂದಿವೆ: ಆಪರೇಷನ್ ಬೇಡ, ಗಂಟಿನೊಳಗೆ ಇಂಜೆಕ್ಷನ್ ಕೊಡಿಸಿದರೆ ಸಾಕಾಗುತ್ತದೆಯೇ? ಬಂಟ್ವಾಳದಿಂದ ಕುಂದಾಪುರದವರೆಗಿನ ಓದುಗರು ಕೇಳಿದ್ದನ್ನು ಮೂಳೆ ಮತ್ತು ಕೀಲು ವೈದ್ಯರ ಮುಂದೆ ಇಟ್ಟೆವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಅಮ್ಮನಿಗೆ 62 ವರ್ಷ. ನಲವತ್ತು ವರ್ಷ ನೆಲದಲ್ಲಿ ಕೂತು ಬೀಡಿ ಕಟ್ಟಿದವರು. ಈಗ ಎರಡೂ ಗಂಟು ನೋವು, ಕೂತರೆ ಏಳಲಿಕ್ಕೆ ಆಗುವುದಿಲ್ಲ. ಶುಗರ್ ಉಂಟು, ಮಾತ್ರೆ ತೆಗೆದುಕೊಳ್ಳುತ್ತಾರೆ. ಡಾಕ್ಟ್ರು ಗಂಟಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವ ಎಂದಿದ್ದಾರೆ. ನೆರೆಮನೆಯವರು ‘ಸ್ಟೆರಾಯ್ಡ್ ಹಾಕಿದ್ರೆ ಎಲುಬು ಪುಡಿ ಆಗ್ತದೆ’ ಅಂತ ಹೆದರಿಸುತ್ತಾರೆ. ಕೊಡಿಸಬಹುದಾ?
– ಬಂಟ್ವಾಳದ ಓದುಗರು

ಉತ್ತರ: ಕೊಡಿಸಬಹುದು. ಆದರೆ ಎರಡೂ ಗಂಟಿಗೆ ಒಂದೇ ದಿನ ಬೇಡ. ಶುಗರ್ ಹಿಡಿತದಲ್ಲಿ ಉಂಟೇ ಎಂದು ನೋಡದೆಯೂ ಬೇಡ.

ನೋವು ಎಲ್ಲಿಂದ ಬರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ‘ಗಂಟು ಸವೆದಿದೆ’ ಎನ್ನುತ್ತೇವಲ್ಲ, ಅಲ್ಲಿ ಸವೆಯುವುದು ಎಲುಬಿನ ತುದಿಯನ್ನು ಹೊದ್ದುಕೊಂಡಿರುವ ಮೃದ್ವಸ್ಥಿ. ಅದರಲ್ಲಿ ನರಗಳಿಲ್ಲ, ಹಾಗಾಗಿ ಅದು ತಾನಾಗಿ ನೋಯುವುದಿಲ್ಲ. ನೋವು ಹುಟ್ಟುವುದು ಕೀಲಿನ ಒಳಪೊರೆ ಕೆರಳಿ ಬಾತಾಗ, ಮೃದ್ವಸ್ಥಿಯ ಅಡಿಯ ಎಲುಬಿನ ಮೇಲೆ ನೇರ ಭಾರ ಬಿದ್ದಾಗ, ಸುತ್ತಲಿನ ಕಟ್ಟುಗಳು ಎಳೆದಾಗ. ಸ್ಟೆರಾಯ್ಡ್ ತಗ್ಗಿಸುವುದು ಆ ಒಳಪೊರೆಯ ಉರಿಯೂತವನ್ನು ಮಾತ್ರ. ಸವೆದದ್ದನ್ನು ಅದು ತುಂಬಿಸಿ ಕೊಡುವುದಿಲ್ಲ. ಗಂಟು ಬಾತು, ಮುಟ್ಟಿದರೆ ಬೆಚ್ಚಗಿದ್ದು, ರಾತ್ರಿ ಮಲಗಿದಾಗಲೂ ನೋಯುವವರು ಇದರಿಂದ ಪ್ರಯೋಜನ ನಿರೀಕ್ಷಿಸಬಹುದು. ಕಾಲು ಬಿಲ್ಲಿನಂತೆ ಬಾಗಿ ಎಲುಬಿಗೆ ಎಲುಬು ತಾಗುತ್ತಿರುವವರು ಹೆಚ್ಚು ಆಸೆ ಇಟ್ಟುಕೊಳ್ಳಬಾರದು.

ಅಮ್ಮನ ಎಕ್ಸ್‌ರೇ ಮಲಗಿಸಿ ತೆಗೆದದ್ದೋ ನಿಲ್ಲಿಸಿ ತೆಗೆದದ್ದೋ ಎಂದು ನೋಡಿ. ಮಲಗಿಸಿ ತೆಗೆದ ಚಿತ್ರದಲ್ಲಿ ಗಂಟಿನ ಮೇಲೆ ಭಾರ ಇರುವುದಿಲ್ಲ, ಎರಡು ಎಲುಬುಗಳ ನಡುವಿನ ಸಂದು ಇದ್ದುದಕ್ಕಿಂತ ಅಗಲವಾಗಿ ಕಾಣುತ್ತದೆ. ನಿಂತು ತೆಗೆದದ್ದರಲ್ಲಿ ನಿಜ ಗೊತ್ತಾಗುತ್ತದೆ. ಸವೆತವನ್ನು 0ಯಿಂದ 4ರವರೆಗಿನ ಗ್ರೇಡ್‌ನಲ್ಲಿ ಹೇಳುತ್ತೇವೆ. 2 ಅಥವಾ 3 ಇದ್ದರೆ ಇಂಜೆಕ್ಷನ್ ವಿಚಾರ ಮಾಡಲು ಅರ್ಥವಿದೆ.

ಸಾಮಾನ್ಯವಾಗಿ ಕೊಡುವುದು ಟ್ರಯಾಮ್ಸಿನೊಲೋನ್ 40 ಮಿಲಿಗ್ರಾಂ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್ 40ರಿಂದ 80 ಮಿಲಿಗ್ರಾಂ. ಎರಡೂ ಹಾಲಿನಂತೆ ಬೆಳ್ಳಗಿರುವ ಮದ್ದುಗಳು. ಬಾಟಲಿಯ ತಳದಲ್ಲಿ ಕೂತಿರುತ್ತವೆ, ಕುಲುಕಿಯೇ ಎಳೆದುಕೊಳ್ಳಬೇಕು. ಜೊತೆಗೆ ಹೆಚ್ಚಿನ ವೈದ್ಯರು ಮರಗಟ್ಟಿಸುವ ಲಿಗ್ನೊಕೇನ್ ಶೇಕಡಾ 1ರದ್ದು 3–4 ಎಂಎಲ್ ಸೇರಿಸುತ್ತಾರೆ. ಇಂಜೆಕ್ಷನ್ ಆದ ಕೂಡಲೇ ಸಿಗುವ ಆರಾಮ ಈ ಲಿಗ್ನೊಕೇನಿನದ್ದು. ಒಂದೆರಡು ಗಂಟೆಯಲ್ಲಿ ಅದು ಇಳಿದು ಸಂಜೆಗೆ ನೋವು ಮರಳುತ್ತದೆ. ‘ಇಂಜೆಕ್ಷನ್ ಹಿಡಿಯಲಿಲ್ಲ’ ಎಂದು ಆಗಲೇ ತೀರ್ಮಾನಿಸಬೇಡಿ. ಸ್ಟೆರಾಯ್ಡ್ ಕೆಲಸ ಶುರುಮಾಡಲು ಎರಡು ಮೂರು ದಿನ, ಕೆಲವರಿಗೆ ಒಂದು ವಾರ ಬೇಕು. ಆ ಬಳಿಕದ ಆರಾಮ ಹೆಚ್ಚಿನವರಿಗೆ 4ರಿಂದ 8 ವಾರ, ಕೆಲವರಿಗೆ ಮೂರು ತಿಂಗಳು. ಅದಕ್ಕಿಂತ ಹೆಚ್ಚು ಭರವಸೆ ಕೊಟ್ಟರೆ ನಂಬಬೇಡಿ.

ಇನ್ನು ಶುಗರ್. ಗಂಟಿನೊಳಗೆ ಹಾಕಿದ ಮದ್ದಿನ ಸ್ವಲ್ಪ ಪಾಲು ರಕ್ತಕ್ಕೆ ಸೇರಿಯೇ ಸೇರುತ್ತದೆ. ಮೊದಲ ದಿನವೇ ಸಕ್ಕರೆ ಅಂಶ ಏರತೊಡಗಿ, ಹೆಚ್ಚಾಗಿ 2ರಿಂದ 5 ದಿನ, ಕೆಲವೊಮ್ಮೆ ಒಂದು ವಾರ ಹಾಗೆಯೇ ಇರುತ್ತದೆ. ಸ್ಟೆರಾಯ್ಡ್‌ನಿಂದ ಏರುವುದು ಮುಖ್ಯವಾಗಿ ಊಟದ ನಂತರದ ಲೆಕ್ಕ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ನೋಡಿ ‘ಸಮ ಉಂಟು’ ಎಂದುಕೊಂಡರೆ ಮೋಸ ಹೋಗುತ್ತೀರಿ. ಒಂದು ವಾರ ಬೆಳಗ್ಗೆ ಒಮ್ಮೆ, ಮಧ್ಯಾಹ್ನದ ಊಟ ಆಗಿ ಎರಡು ಗಂಟೆಗೆ ಒಮ್ಮೆ ಚುಚ್ಚಿ ನೋಡಿ ಬರೆದಿಡಿ. ಆ ವಾರ ಕುಚ್ಚಲಕ್ಕಿ ಅನ್ನವನ್ನೂ ಅಳತೆಯಲ್ಲೇ ಬಡಿಸಿ. ಕುಚ್ಚಲಕ್ಕಿಯಾದರೆ ಎಷ್ಟು ಉಂಡರೂ ಆಗುತ್ತದೆ ಎಂಬ ನಂಬಿಕೆ ನಮ್ಮೂರಲ್ಲಿ ಗಟ್ಟಿಯಾಗಿದೆ, ಅದು ಸರಿಯಲ್ಲ. ಎರಡು ಮೂರು ಸಲ 300 ದಾಟಿದರೆ, ಬಾಯಾರಿಕೆ ಮತ್ತು ಮೂತ್ರ ಹೆಚ್ಚಾದರೆ ಶುಗರಿನ ವೈದ್ಯರಿಗೆ ಅಂದೇ ತಿಳಿಸಿ. ಎರಡೂ ಗಂಟಿಗೆ ಒಟ್ಟಿಗೆ ಕೊಟ್ಟರೆ ದೇಹಕ್ಕೆ ಹೋಗುವ ಸ್ಟೆರಾಯ್ಡ್ ಇಮ್ಮಡಿ, ಏರಿಕೆಯೂ ಅದಕ್ಕೆ ತಕ್ಕಂತೆ. ಹೆಚ್ಚು ನೋಯುವ ಗಂಟಿಗೆ ಮೊದಲು ಕೊಡಿಸಿ, ಇನ್ನೊಂದಕ್ಕೆ ಎರಡು ಮೂರು ವಾರ ಬಿಡಿ. ಒಂದೆರಡು ದಿನ ಮುಖ ಕೆಂಪಗೆ ಬಿಸಿಯಾದೀತು, ಅದಾಗಿಯೇ ಇಳಿಯುತ್ತದೆ.

ನೆರೆಮನೆಯವರ ಹೆದರಿಕೆಯಲ್ಲೂ ಒಂದಂಶ ನಿಜ ಇದೆ. ತಿಂಗಳುಗಟ್ಟಲೆ ಸ್ಟೆರಾಯ್ಡ್ ಮಾತ್ರೆ ನುಂಗಿದವರ ಎಲುಬು ತೆಳ್ಳಗಾಗುತ್ತದೆ. ಹೆಸರು ಹೇಳದೆ ಕೊಡುವ ‘ನೋವಿನ ಪುಡಿ’ಗಳಲ್ಲೂ, ಸೊಂಟಕ್ಕೆ ಹಾಕುವ ಕೆಲವು ಇಂಜೆಕ್ಷನ್‌ಗಳಲ್ಲೂ ಸ್ಟೆರಾಯ್ಡ್ ಇರಬಹುದು. ಗಂಟಿನೊಳಗೆ ಅಪರೂಪಕ್ಕೆ ಕೊಡುವ ಒಂದು ಇಂಜೆಕ್ಷನ್ ಅಷ್ಟು ಮಾಡುವುದಿಲ್ಲ. ಆದರೆ ಪದೇ ಪದೇ ಕೊಟ್ಟರೆ ಗಂಟಿಗೇ ಕೆಟ್ಟದು. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 140 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 12 ವಾರಕ್ಕೊಮ್ಮೆಯಂತೆ ಎರಡು ವರ್ಷ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್, ಉಳಿದವರಿಗೆ ಬರೀ ಉಪ್ಪುನೀರು ಕೊಟ್ಟರು. ಸ್ಟೆರಾಯ್ಡ್ ಪಡೆದವರ ಮೃದ್ವಸ್ಥಿ ಸರಾಸರಿ 0.21 ಮಿಲಿಮೀಟರ್ ಸವೆಯಿತು, ಉಪ್ಪುನೀರಿನವರದ್ದು 0.10. ಎರಡು ವರ್ಷದ ಕೊನೆಗೆ ನೋವಿನಲ್ಲಿ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಒಂದೇ ಗಂಟಿಗೆ ಎರಡು ಇಂಜೆಕ್ಷನ್‌ಗಳ ನಡುವೆ ಕನಿಷ್ಠ ಮೂರು ತಿಂಗಳ ಅಂತರ ಇರಲೇಬೇಕು. ವರ್ಷಕ್ಕೆ ಮೂರು ನಾಲ್ಕು ಎಂಬುದು ದಾಟಬಾರದ ಗೆರೆ. ಅಷ್ಟು ಬೇಕಾಗುತ್ತಿದೆ ಎಂದರೆ ಚಿಕಿತ್ಸೆಯ ದಾರಿಯನ್ನೇ ಮತ್ತೆ ಯೋಚಿಸಬೇಕು.

ಅಮ್ಮ ಈಗಲೂ ಬೀಡಿ ಕಟ್ಟುವುದಾದರೆ ಕುರ್ಚಿಯಲ್ಲಿ ಕೂತು, ತಡ್ಪೆಯನ್ನು ಮೇಜಿನ ಮೇಲೋ ತೊಡೆಯ ಮೇಲೋ ಇಟ್ಟುಕೊಳ್ಳಲಿ. ನೆಲದಲ್ಲಿ ಕೂರುವುದು ಬಿಡದೆ ಇಂಜೆಕ್ಷನ್ ಮಾತ್ರ ಕೊಡಿಸಿದರೆ ಎರಡು ತಿಂಗಳಲ್ಲಿ ಮತ್ತೆ ಇದೇ ಪ್ರಶ್ನೆ ಬರೆಯಬೇಕಾದೀತು.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ, ವಯಸ್ಸು 67. ಗಂಟಿನಲ್ಲಿ ‘ಗ್ರೀಸ್’ ಮುಗಿದಿದೆ, ಜೆಲ್ ಇಂಜೆಕ್ಷನ್ ಹಾಕಿದರೆ ಒಂದು ವರ್ಷ ಚಿಂತೆ ಇಲ್ಲ ಎಂದಿದ್ದಾರೆ. ಒಂದೇ ಸಲದ್ದು ಒಳ್ಳೆಯದೋ, ವಾರಕ್ಕೊಂದರಂತೆ ಮೂರು ಒಳ್ಳೆಯದೋ? ಖರ್ಚು ಸಾವಿರಗಟ್ಟಲೆ ಇದೆ.
– ಕದ್ರಿ, ಮಂಗಳೂರು

ಉತ್ತರ: ‘ಗ್ರೀಸ್’ ಎಂಬ ಹೋಲಿಕೆ ಕೇಳಲು ಚೆಂದ, ಆದರೆ ದಾರಿ ತಪ್ಪಿಸುತ್ತದೆ. ಆರೋಗ್ಯವಂತ ಮೊಣಗಂಟಿನಲ್ಲಿ ಇರುವ ಜಾರುನೀರು ಒಂದು ಚಮಚಕ್ಕಿಂತಲೂ ಕಡಿಮೆ. ಅದನ್ನು ಲೋಳೆಯಾಗಿ ಇಡುವುದು ಹೈಅಲುರೋನಿಕ್ ಆಮ್ಲ. ಸವೆದ ಗಂಟಿನಲ್ಲಿ ಈ ಆಮ್ಲದ ಉದ್ದ ಎಳೆಗಳು ತುಂಡಾಗಿ ನೀರು ತೆಳ್ಳಗಾಗುತ್ತದೆ. ಜೆಲ್ ಇಂಜೆಕ್ಷನ್‌ನಲ್ಲಿ ಇರುವುದು ಅದೇ ಆಮ್ಲ. ಆದರೆ ಒಳಗೆ ಹಾಕಿದ ಜೆಲ್ ಗಂಟಿನಲ್ಲಿ ಉಳಿಯುವುದು ದಿನಗಳು, ಹೆಚ್ಚೆಂದರೆ ಕೆಲವು ವಾರ. ನಂತರ ದೇಹ ಅದನ್ನು ಕರಗಿಸಿ ಕಳಿಸುತ್ತದೆ. ಬೇರಿಂಗಿಗೆ ಗ್ರೀಸ್ ತುಂಬಿಸಿದ ಹಾಗೆ ವರ್ಷವಿಡೀ ಅಲ್ಲಿ ಕೂತಿರುವುದಿಲ್ಲ.

ಪ್ರಯೋಜನ ಆಗುವವರಿಗೆ ಆರಾಮ ನಿಧಾನವಾಗಿ, 4ರಿಂದ 8 ವಾರಗಳಲ್ಲಿ ಕಾಣುತ್ತದೆ, ಆರು ತಿಂಗಳವರೆಗೆ ಇರಬಹುದು. ಎಲ್ಲರಿಗೂ ಆಗುವುದಿಲ್ಲ ಎಂಬುದು ಮುಖ್ಯ ಮಾತು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಇದನ್ನು ಕೊಡಬೇಡಿ ಎಂದೇ ಹೇಳುತ್ತದೆ. ಅಮೆರಿಕದ ಮೂಳೆ ವೈದ್ಯರ ಸಂಘ 2021ರಲ್ಲಿ, ವಾಡಿಕೆಯಾಗಿ ಎಲ್ಲರಿಗೂ ಬೇಡ ಎಂದಿತು. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆ, ಉಪ್ಪುನೀರಿಗಿಂತ ಸಿಗುವ ಹೆಚ್ಚುವರಿ ಆರಾಮ ರೋಗಿಗೆ ಗೊತ್ತಾಗುವಷ್ಟು ದೊಡ್ಡದಲ್ಲ ಎಂದು ಹೇಳಿತು. ಹಾಗಿದ್ದೂ ನಾವು ಇದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಶುಗರ್ ಹಿಡಿತಕ್ಕೆ ಬಾರದೆ ಸ್ಟೆರಾಯ್ಡ್ ಕೊಡಲಾಗದವರು, ಕಿಡ್ನಿ ತೊಂದರೆಯಿಂದ ನೋವಿನ ಮಾತ್ರೆ ನುಂಗಲಾಗದವರು, ಸವೆತ 2–3ನೇ ಗ್ರೇಡಿನಲ್ಲಿ ಇರುವವರು, ಆರಾಮ ಸಿಗಲಿಕ್ಕಿಲ್ಲ ಎಂಬುದನ್ನೂ ಒಪ್ಪಿಕೊಂಡು ಒಮ್ಮೆ ಪ್ರಯತ್ನಿಸಬಹುದು. ಸಾಲ ಮಾಡಿ, ಬಂಗಾರ ಅಡವಿಟ್ಟು ಖಂಡಿತ ಬೇಡ.

ಒಂದೋ ಮೂರೋ ಎಂಬುದಕ್ಕೆ: 2 ಎಂಎಲ್‌ನ ಸಿರಿಂಜನ್ನು ವಾರಕ್ಕೊಂದರಂತೆ ಮೂರು ವಾರ ಕೊಡುವ ಬಗೆಯೂ ಉಂಟು, 6 ಎಂಎಲ್‌ ಅನ್ನು ಒಂದೇ ಸಲ ಹಾಕುವುದೂ ಉಂಟು. ಫಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಸೂಜಿ ಒಳಹೋಗುವ ಸಲ ಕಡಿಮೆಯಾದಷ್ಟೂ ಸೋಂಕಿನ ಅವಕಾಶ ಕಡಿಮೆ, ಹಾಗಾಗಿ ನಮ್ಮ ಒಲವು ಒಂದರ ಕಡೆಗೆ. ಕೆಲವು ಜೆಲ್‌ಗಳನ್ನು ಹುಂಜದ ಜುಟ್ಟಿನಿಂದ ತಯಾರಿಸುತ್ತಾರೆ, ಕೆಲವನ್ನು ಬ್ಯಾಕ್ಟೀರಿಯಾ ಬೆಳೆಸಿ. ಮೊಟ್ಟೆ, ಕೋಳಿ ಮಾಂಸ ತಿಂದರೆ ಅಲರ್ಜಿ ಆಗುವವರು, ವ್ರತ-ನಿಯಮದಿಂದ ಸಸ್ಯಾಹಾರಿಗಳಾದವರು ಯಾವುದೆಂದು ಮೊದಲೇ ಕೇಳಿ. ಸಿರಿಂಜು ಮದ್ದು ತುಂಬಿಸಿಯೇ ಸೀಲ್ ಮಾಡಿ ಬರುತ್ತದೆ. ನಿಮ್ಮೆದುರಿಗೇ ಒಡೆಯಲಿ. ಪೆಟ್ಟಿಗೆಯ ಮೇಲಿನ ಬ್ಯಾಚ್ ಸ್ಟಿಕ್ಕರನ್ನು ಚೀಟಿಗೆ ಅಂಟಿಸಿ ಇಟ್ಟುಕೊಳ್ಳಿ. ಜೆಲ್ ಹಾಕಿದ ಮರುದಿನ ಗಂಟು ಸೋಂಕಿನಷ್ಟೇ ಜೋರಾಗಿ ಬಾತುಕೊಳ್ಳುವ ಪ್ರತಿಕ್ರಿಯೆ ಕೆಲವರಿಗೆ ಆಗುತ್ತದೆ, ಹಿಂದೊಮ್ಮೆ ಜೆಲ್ ಹಾಕಿಸಿಕೊಂಡವರಲ್ಲಿ ಹೆಚ್ಚು. ಅಂಥ ಹೊತ್ತಿನಲ್ಲಿ ಯಾವ ಕಂಪೆನಿಯ ಯಾವ ಬ್ಯಾಚು ಎಂಬುದು ಬೇಕಾಗುತ್ತದೆ.

ಪ್ರಶ್ನೆ: ‘ನಿಮ್ಮದೇ ರಕ್ತದಿಂದ ಹೊಸ ಗಂಟು’ ಎಂಬ ಜಾಹೀರಾತು ನೋಡಿದೆ. ಪಿಆರ್‌ಪಿ ಎಂದರೆ ಏನು? ಸ್ಟೆಮ್ ಸೆಲ್ ಕೂಡ ಇದೆಯಂತೆ. ಸವೆದದ್ದು ಮತ್ತೆ ಬೆಳೆಯುತ್ತದೆಯೇ?
– ಓದುಗರು, ಉಡುಪಿ

ಉತ್ತರ: ಹೊಸ ಗಂಟು ಬೆಳೆಯುವುದಿಲ್ಲ. ಇದನ್ನು ಮೊದಲೇ ಸ್ಪಷ್ಟ ಹೇಳಿಬಿಡುತ್ತೇವೆ.

ಪಿಆರ್‌ಪಿಯಲ್ಲಿ ತೋಳಿನಿಂದ ಸಾಮಾನ್ಯವಾಗಿ 15ರಿಂದ 60 ಎಂಎಲ್ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಕೆಂಪು ಕಣಗಳನ್ನು ಬೇರ್ಪಡಿಸುತ್ತಾರೆ. ಉಳಿಯುವ ಹಳದಿ ನೀರಿನಲ್ಲಿ ಪ್ಲೇಟ್‌ಲೆಟ್ ದಟ್ಟವಾಗಿರುವ ಭಾಗವನ್ನು 3ರಿಂದ 5 ಎಂಎಲ್‌ನಷ್ಟು ಗಂಟಿಗೆ ಹಾಕುತ್ತಾರೆ. ತಿರುಗಿಸುವ ವೇಗ, ಹೊತ್ತು, ಎಷ್ಟು ಸಲ, ಬಿಳಿ ಕಣ ಉಳಿಸಿದರೋ ತೆಗೆದರೋ, ಇವೆಲ್ಲ ಒಂದೊಂದು ಕಡೆ ಒಂದೊಂದು ತರಹ. ಒಬ್ಬರ ಪಿಆರ್‌ಪಿಗೂ ಇನ್ನೊಬ್ಬರದ್ದಕ್ಕೂ ಹೋಲಿಕೆಯೇ ಇಲ್ಲದಿರುವುದು ಈ ಚಿಕಿತ್ಸೆಯ ದೊಡ್ಡ ತೊಡಕು. ಕೆಲವು ಚಿಕ್ಕ ಅಧ್ಯಯನಗಳಲ್ಲಿ ಜೆಲ್‌ಗಿಂತ ಮೇಲು ಎಂದು ಬಂದಿದೆ. ಆದರೆ ಆಸ್ಟ್ರೇಲಿಯಾದಲ್ಲಿ 288 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೊಂದರಂತೆ ಮೂರು ಪಿಆರ್‌ಪಿ ಪಡೆದವರಿಗೂ ಮೂರು ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗೂ ಒಂದು ವರ್ಷದ ನಂತರ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ.

ಮಾಡಿಸಲೇಬೇಕೆಂದಿದ್ದರೆ ಎರಡು ಎಚ್ಚರಿಕೆ. ನೋವಿನ ಮಾತ್ರೆಗಳಾದ ಡೈಕ್ಲೋಫಿನಾಕ್, ಐಬುಪ್ರೊಫೇನ್, ಅಸಿಕ್ಲೋಫಿನಾಕ್ ಪ್ಲೇಟ್‌ಲೆಟ್‌ನ ಕೆಲಸವನ್ನೇ ತಡೆಯುತ್ತವೆ. ಒಂದು ವಾರ ಮೊದಲು ನಿಲ್ಲಿಸಿ, ನಂತರವೂ ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಬೇಡಿ. ಪಿಆರ್‌ಪಿ ನಂತರ ಎರಡು ಮೂರು ದಿನ ಗಂಟು ಚೆನ್ನಾಗಿಯೇ ನೋಯುತ್ತದೆ, ಅದಕ್ಕೆ ಪ್ಯಾರಾಸಿಟಮಾಲ್ ಸಾಕು. ಇನ್ನೊಂದು ನಮ್ಮ ಮಳೆಗಾಲದ್ದು: ಡೆಂಗ್ಯೂ ಬಂದು ಹೋದವರು ಪ್ಲೇಟ್‌ಲೆಟ್ ಎಣಿಕೆ ಒಂದೂವರೆ ಲಕ್ಷ ದಾಟಿದೆಯೆಂದು ರಕ್ತ ಪರೀಕ್ಷೆಯಲ್ಲಿ ನೋಡಿಯೇ ಮುಂದುವರಿಯಬೇಕು.

ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಸಂಶೋಧನೆಯ ಚೌಕಟ್ಟಿನೊಳಗೇ ಇರಬೇಕು. 2022ರಲ್ಲಿ ದಾನಿಗಳ ಮಜ್ಜೆಯಿಂದ ಬೆಳೆಸಿದ ಒಂದು ಉತ್ಪನ್ನಕ್ಕೆ ಗಂಟು ಸವೆತದಲ್ಲಿ ಬಳಸಲು ದೇಶದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಹೊಟ್ಟೆಯ ಕೊಬ್ಬು ತೆಗೆದು ಅರ್ಧ ಗಂಟೆಯಲ್ಲಿ ಗಂಟಿಗೆ ಹಾಕಿ ‘ಸ್ಟೆಮ್ ಸೆಲ್’ ಎನ್ನುವುದಕ್ಕೂ ಆ ಒಪ್ಪಿಗೆಗೂ ಸಂಬಂಧ ಇಲ್ಲ. ಉತ್ಪನ್ನದ ಹೆಸರು, ಪರವಾನಗಿಯ ವಿವರ ಬರೆದುಕೊಡಿ ಎಂದು ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ಪ್ರಶ್ನೆ: ಆರು ವಾರದ ಹಿಂದೆ ಬಲಗಂಟಿಗೆ ಇಂಜೆಕ್ಷನ್ ಹಾಕಿಸಿದೆ. ಒಂದು ಪೈಸೆ ಕಡಿಮೆ ಆಗಿಲ್ಲ. ಮದ್ದು ಸರಿ ಇರಲಿಲ್ಲವಾ? ಮತ್ತೊಂದು ಹಾಕಿಸಲಾ?
– ಸುರತ್ಕಲ್‌ನ ಓದುಗರು

ಉತ್ತರ: ಮತ್ತೊಂದು ಹಾಕಿಸುವ ಮೊದಲು ಹಾಕಿದ್ದು ಯಾಕೆ ಹಿಡಿಯಲಿಲ್ಲ ಎಂದು ಕಂಡುಹಿಡಿಯಬೇಕು. ಮದ್ದು ಕೆಟ್ಟಿರುವುದು ಅಪರೂಪ. ಸೂಜಿ ಬೇಕಾದಲ್ಲಿ ತಲುಪದಿರುವುದು, ಅಥವಾ ನೋವು ಗಂಟಿನದ್ದೇ ಅಲ್ಲದಿರುವುದು, ಇವೆರಡೇ ಹೆಚ್ಚು.

ಮೊದಲಿಗೆ ಸೂಜಿ. ಮೊಣಗಂಟು ದೊಡ್ಡ ಕೀಲು, ಆದರೆ ಒಳಗೆ ಟೊಳ್ಳು ಜಾಗ ಇರುವುದಿಲ್ಲ, ಪೊರೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. 2002ರ ಒಂದು ಅಧ್ಯಯನದಲ್ಲಿ ಅನುಭವಿ ವೈದ್ಯರೊಬ್ಬರೇ ಮೂರು ದಾರಿಯಲ್ಲಿ ಚುಚ್ಚಿ, ಎಕ್ಸ್‌ರೇ ಪರದೆಯಲ್ಲಿ ಪರೀಕ್ಷಿಸಿದರು. ಕಾಲು ನೀಡಿ ಮಲಗಿಸಿ, ಚಿಪ್ಪಿನ ಹೊರಬದಿಯ ನಡುವಿನಿಂದ ಹಾಕಿದಾಗ 100ರಲ್ಲಿ 93 ಸಲ ಸೂಜಿ ಗಂಟಿನೊಳಗಿತ್ತು. ಗಂಟು ಮಡಚಿ ಮುಂದಿನಿಂದ ಹಾಕಿದಾಗ ಒಳಬದಿಯಿಂದ 75, ಹೊರಬದಿಯಿಂದ 71. ಅಂದರೆ ಕಾಲು ಇಳಿಬಿಟ್ಟು ಕೂರಿಸಿ ಮುಂದಿನಿಂದ ಚುಚ್ಚುವಾಗ ಸುಮಾರು ನಾಲ್ಕರಲ್ಲಿ ಒಂದು ಸಲ ಮದ್ದು ಚಿಪ್ಪಿನ ಅಡಿಯ ಕೊಬ್ಬಿನಲ್ಲೋ ಮತ್ತೆಲ್ಲೋ ಕೂರಬಹುದು. ಒಳಗೆ ಸರಿಯಾಗಿ ಹೋಗಿದ್ದರೆ ಮದ್ದು ತಡೆಯಿಲ್ಲದೆ ಸಲೀಸಾಗಿ ಇಳಿಯುತ್ತದೆ. ಒತ್ತಿ ಒತ್ತಿ ತಳ್ಳಬೇಕಾಗಿ ಬಂದರೆ, ಆಗಲೇ ಜೋರು ನೋವಾದರೆ, ಸೂಜಿ ಜಾಗ ತಪ್ಪಿದೆ ಎಂದರ್ಥ. ದಪ್ಪ ಶರೀರದವರಿಗೆ, ಒಮ್ಮೆ ವಿಫಲವಾದವರಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುವುದು ಒಳ್ಳೆಯದು.

ಗಂಟಿನಲ್ಲಿ ನೀರು ತುಂಬಿದ್ದರೆ ಅದನ್ನು ತೆಗೆದೇ ಮದ್ದು ಹಾಕಬೇಕು. ಇಲ್ಲದಿದ್ದರೆ ಮದ್ದು ಆ ನೀರಿನಲ್ಲಿ ತೆಳ್ಳಗಾಗುತ್ತದೆ. ‘ನೀರು ತೆಗೆದರೆ ಮತ್ತೆ ಮತ್ತೆ ತುಂಬುತ್ತದೆ’ ಎಂದು ತುಂಬ ಜನ ಹೆದರುತ್ತಾರೆ. ತೆಗೆದದ್ದರಿಂದ ತುಂಬುವುದಲ್ಲ, ಒಳಪೊರೆ ಕೆರಳಿರುವುದರಿಂದ ತುಂಬುವುದು. ತೆಗೆದ ನೀರಿನ ಬಣ್ಣವೇ ರೋಗ ಹೇಳುತ್ತದೆ. ಸವೆತದ ನೀರು ಒಣಹುಲ್ಲಿನ ಬಣ್ಣದ್ದು, ತಿಳಿ. ಅದರಾಚೆಯ ಅಕ್ಷರ ಓದಲಿಕ್ಕಾಗದಷ್ಟು ಮಬ್ಬಾಗಿದ್ದರೆ ಗೌಟೋ, ವಾತವೋ, ಸೋಂಕೋ ಇರಬಹುದು. ಹಾಗಿದ್ದರೆ ಆ ದಿನ ಸ್ಟೆರಾಯ್ಡ್ ಹಾಕದೆ ನೀರನ್ನು ಲ್ಯಾಬಿಗೆ ಕಳಿಸಬೇಕು.

ಇನ್ನು ನೋವು ಗಂಟಿನದ್ದೇ ಅಲ್ಲದಿದ್ದರೆ? ಗಂಟಿನ ಒಳಬದಿಯಲ್ಲಿ, ಸಂದಿಗಿಂತ ಸುಮಾರು ಮೂರು ಬೆರಳು ಕೆಳಗೆ ಒತ್ತಿ ನೋಡಿ. ಅಲ್ಲಿ ಮಾತ್ರ ಹಾರಿಬೀಳುವಷ್ಟು ನೋವಿದ್ದರೆ ಅದು ಸ್ನಾಯುಗಳ ಅಡಿಯ ಚಿಕ್ಕ ಚೀಲದ ಉರಿಯೂತ. ಮದ್ದು ಅಲ್ಲಿಗೇ ಹೋಗಬೇಕು, ಗಂಟಿನೊಳಗೆ ಹಾಕಿ ಪ್ರಯೋಜನ ಇಲ್ಲ. ಸೊಂಟದ ಕೀಲು ಸವೆದವರಿಗೂ ನೋವು ಗಂಟಿನಲ್ಲೇ ಕಾಣಿಸಿಕೊಳ್ಳುವುದುಂಟು. ಚಪ್ಪಲಿ ಹಾಕುವಾಗ, ಕಾಲ ಮೇಲೆ ಕಾಲು ಹಾಕುವಾಗ ತೊಡೆಸಂದಿನಲ್ಲಿ ಹಿಡಿದಂತಾದರೆ ಸೊಂಟದ ಎಕ್ಸ್‌ರೇ ತೆಗೆಸಿ. ಒಂದು ಸುಲಭದ ಸುಳಿವು ನಿಮ್ಮ ನೆನಪಿನಲ್ಲೇ ಇದೆ: ಇಂಜೆಕ್ಷನ್ ಆದ ಮೊದಲ ಒಂದೆರಡು ಗಂಟೆ ನೋವು ಪೂರ್ತಿ ಮಾಯವಾಗಿತ್ತೇ? ಆಗಿತ್ತು ಎಂದಾದರೆ ಜಾಗ ಸರಿ, ನೋವು ಗಂಟಿನದ್ದೇ. ಆಗಲೂ ಹಾಗೆಯೇ ಇದ್ದರೆ ಮೇಲಿನ ಎರಡರಲ್ಲಿ ಒಂದು. ಇದನ್ನು ವೈದ್ಯರಿಗೆ ಹೇಳಿ.

ಪ್ರಶ್ನೆ: ಯಕ್ಷಗಾನದಲ್ಲಿ ಬಡಗುತಿಟ್ಟಿನ ವೇಷಧಾರಿ, 34 ವರ್ಷ. ಮಂಡಿ ಹಾಕಿ ತಿರುಗುವಾಗ ಎಡಗಂಟಿನಲ್ಲಿ ‘ಟಕ್’ ಅಂದಿತು. ಈಗ ನಡುನಡುವೆ ಗಂಟು ಸಿಕ್ಕಿಹಾಕಿಕೊಳ್ಳುತ್ತದೆ. ತಿರುಗಾಟ ಮುಗಿಯಲು ಎರಡು ತಿಂಗಳುಂಟು. ಒಂದು ಇಂಜೆಕ್ಷನ್ ಹಾಕಿಸಿ ಸುಧಾರಿಸಬಹುದೇ?
– ಕುಂದಾಪುರ ತಾಲೂಕು

ಉತ್ತರ: ಬೇಡ. ನಿಮ್ಮದು ಸವೆತ ಅಲ್ಲ. ‘ಟಕ್’ ಎಂದು ನಂತರ ಗಂಟು ಸಿಕ್ಕಿಕೊಳ್ಳುವುದು ಎರಡು ಎಲುಬುಗಳ ನಡುವಿನ ಮೆತ್ತೆ, ಅಂದರೆ ಮೆನಿಸ್ಕಸ್ ಹರಿದಿರುವ ಲಕ್ಷಣ. ಸ್ಟೆರಾಯ್ಡ್ ಹಾಕಿದರೆ ನೋವು ತಗ್ಗುತ್ತದೆ, ಹರಿದದ್ದು ಹಾಗೆಯೇ ಇರುತ್ತದೆ. ನೋವಿಲ್ಲವೆಂದು ರಂಗಸ್ಥಳದಲ್ಲಿ ಮತ್ತೆ ಮಂಡಿ ಹಾಕಿದಾಗ ಚಿಕ್ಕ ಹರಕು ದೊಡ್ಡದಾಗುತ್ತದೆ, ಸಡಿಲ ತುಂಡು ಮೃದ್ವಸ್ಥಿಯನ್ನೂ ಉಜ್ಜುತ್ತದೆ. ಎಂಆರ್‌ಐ ಮಾಡಿಸಿ. ಹೊರ ಅಂಚಿನಲ್ಲಿ ಹರಿದಿದ್ದರೆ ಅಲ್ಲಿ ರಕ್ತ ಸಂಚಾರ ಇರುತ್ತದೆ, ಹೊಲಿದರೆ ಕೂಡಿಕೊಳ್ಳಬಹುದು. ತಡಮಾಡಿದಷ್ಟು ಆ ಅವಕಾಶ ಕಳೆಯುತ್ತದೆ. ಗಂಟು ಪೂರ್ತಿ ನೀಡಲಾಗದೆ ಸಿಕ್ಕಿಕೊಂಡೇ ಉಳಿದರೆ ವಾರವೂ ಕಾಯಬೇಡಿ. ಅಲ್ಲಿಯವರೆಗೆ ನಿಂತು ಮಾಡುವ, ಮಂಡಿ ಇಲ್ಲದ ವೇಷ ಕೊಡಿ ಎಂದು ಮೇಳದಲ್ಲಿ ಕೇಳಿ.

ಕುಣಿಯುವವರಿಗೆ, ವಾಲಿಬಾಲ್ ಆಡುವವರಿಗೆ ಇನ್ನೊಂದು ಮಾತು. ಚಿಪ್ಪಿನ ಕೆಳಗಿನ ಹಗ್ಗದಂಥ ಸ್ನಾಯುರಜ್ಜು ನೋಯುತ್ತಿದ್ದರೆ ಅದರೊಳಗೆ ಸ್ಟೆರಾಯ್ಡ್ ಹಾಕಿಸಬಾರದು. ರಜ್ಜು ದುರ್ಬಲವಾಗಿ ಹಾರುವಾಗ ಕಡಿದುಹೋಗುವ ಅಪಾಯವಿದೆ.

ಪ್ರಶ್ನೆ: ಇಂಜೆಕ್ಷನ್ ಆದ ಮೇಲೆ ಬರುವ ನೋವು ಸಾಮಾನ್ಯವೋ ಸೋಂಕೋ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?
– ಪುತ್ತೂರು

ಉತ್ತರ: ದಿನ ಲೆಕ್ಕ ಹಾಕಿ. ಸ್ಟೆರಾಯ್ಡ್‌ನ ಹರಳುಗಳು ಒಳಪೊರೆಯನ್ನು ಕೆರಳಿಸಿ ಬರುವ ನೋವು ಮೊದಲ ದಿನವೇ ಶುರುವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಟವೆಲಿನಲ್ಲಿ ಸುತ್ತಿದ ಐಸ್ 10–15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಟ್ಟರೆ ಸಾಕು. ಸೋಂಕಿನದ್ದು ಇದಕ್ಕೆ ವಿರುದ್ಧ. ಸುಧಾರಿಸುತ್ತಿದ್ದ ಗಂಟು ಮೂರನೆಯ ದಿನಕ್ಕೋ ನಂತರವೋ ಮತ್ತೆ ನೋಯತೊಡಗಿ, ದಿನದಿಂದ ದಿನಕ್ಕೆ ಏರುತ್ತದೆ. ಗಂಟು ಕೆಂಪಾಗಿ ಸುಡುತ್ತದೆ, ಒಂದಿಷ್ಟು ಮಡಚಿದರೂ ಕಿರುಚುವಂತಾಗುತ್ತದೆ, ಪಾದ ಊರಲಾಗುವುದಿಲ್ಲ. ಜ್ವರ ಬರಬಹುದು, ಆದರೆ ವಯಸ್ಸಾದವರಿಗೆ, ಶುಗರ್ ಇರುವವರಿಗೆ ಜ್ವರ ಬಾರದೆಯೂ ಸೋಂಕು ಇರುತ್ತದೆ. ಜ್ವರ ಇಲ್ಲ ಎಂದು ಸುಮ್ಮನಿರಬೇಡಿ.

ಇಂಥ ಸೋಂಕು ಅಪರೂಪ, ಸಾವಿರಾರು ಇಂಜೆಕ್ಷನ್‌ಗಳಲ್ಲಿ ಒಂದು. ಆದರೆ ಬಂದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ತಿಂದುಹಾಕುತ್ತದೆ. ರಾತ್ರಿಯಾದರೂ ಸರಿ, ಮೂಳೆ ವಿಭಾಗ ಇರುವ ಆಸ್ಪತ್ರೆಗೆ ಹೋಗಿ. ಮಂಗಳೂರಿನ ವೆನ್‌ಲಾಕ್‌ನಂಥ ಸರ್ಕಾರಿ ಜಿಲ್ಲಾ ಆಸ್ಪತ್ರೆಯೂ ಆದೀತು. ಹತ್ತಿರದ ಮೆಡಿಕಲ್‌ನಿಂದ ಆಂಟಿಬಯೋಟಿಕ್ ತಂದು ನುಂಗಿ ಹೋಗಬೇಡಿ. ಗಂಟಿನ ನೀರು ತೆಗೆಯುವ ಮೊದಲೇ ಮಾತ್ರೆ ಹೊಟ್ಟೆಗೆ ಬಿದ್ದರೆ ಪರೀಕ್ಷೆಯಲ್ಲಿ ರೋಗಾಣು ಸಿಗುವುದಿಲ್ಲ, ಯಾವ ಮದ್ದು ಕೊಡಬೇಕೆಂದೇ ತಿಳಿಯುವುದಿಲ್ಲ.

ತಡೆಯುವುದು ಕಷ್ಟವಲ್ಲ. ಗಂಟಿನ ಮೇಲೆ ಕಜ್ಜಿ, ಗಾಯ, ಹುಣ್ಣು ಇದ್ದರೆ, ಮೈಯಲ್ಲಿ ಜ್ವರವೋ ಮೂತ್ರದ ಉರಿಯೋ ಇದ್ದರೆ ದಿನ ಮುಂದೂಡಿ. ಹಿಂದಿನ ದಿನ ಗಂಟಿನ ಕೂದಲನ್ನು ಬ್ಲೇಡಿನಿಂದ ತೆಗೆಯಬೇಡಿ, ಕಣ್ಣಿಗೆ ಕಾಣದ ಗೀರುಗಳಾಗುತ್ತವೆ. ಚುಚ್ಚಿದ ಜಾಗಕ್ಕೆ 48 ಗಂಟೆ ಎಣ್ಣೆ ತಿಕ್ಕುವುದು, ಸೊಪ್ಪಿನ ಪಟ್ಟು ಕಟ್ಟುವುದು, ಕೆರೆ ಅಥವಾ ಸಮುದ್ರದಲ್ಲಿ ಇಳಿಯುವುದು ಬೇಡ.

ಪ್ರಶ್ನೆ: ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ. ಗಂಟಿನ ಇಂಜೆಕ್ಷನ್‌ಗೆ ನಿಲ್ಲಿಸಬೇಕಾ?
– ಕಾರ್ಕಳ

ಉತ್ತರ: ನೀವಾಗಿ ಒಂದು ದಿನವೂ ನಿಲ್ಲಿಸಬೇಡಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇದ್ದರೂ ಸ್ಟೆರಾಯ್ಡ್ ಅಥವಾ ಜೆಲ್ ಇಂಜೆಕ್ಷನ್ ಸಾಮಾನ್ಯವಾಗಿ ಕೊಡಬಹುದು. ಸ್ಟೆಂಟ್ ಇರುವವರು ಮಾತ್ರೆ ಬಿಟ್ಟರೆ ಆಗುವ ಅಪಾಯ ಗಂಟಿನಲ್ಲಿ ಒಂದಿಷ್ಟು ರಕ್ತ ಜಿನುಗುವುದಕ್ಕಿಂತ ತುಂಬ ದೊಡ್ಡದು. ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರು ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಆ ವಾರದ ವರದಿ ತರಬೇಕು, 3ಕ್ಕಿಂತ ಕೆಳಗಿರಲಿ.

ಪ್ರಶ್ನೆ: ಗಂಟು ಬದಲಿಸುವ ಆಪರೇಷನ್‌ಗೆ ಎರಡು ತಿಂಗಳ ನಂತರದ ದಿನ ಸಿಕ್ಕಿದೆ. ಅಲ್ಲಿಯವರೆಗೆ ನೋವು ತಡೆಯಲು ಒಂದು ಇಂಜೆಕ್ಷನ್ ಆಗಬಹುದೇ?
– ಬ್ರಹ್ಮಾವರ

ಉತ್ತರ: ಬೇಡ. ಇಂಜೆಕ್ಷನ್ ಆಗಿ ಮೂರು ತಿಂಗಳೊಳಗೆ ಕೃತಕ ಗಂಟು ಕೂರಿಸಿದರೆ ಅದಕ್ಕೆ ಸೋಂಕು ತಗಲುವ ಸಾಧ್ಯತೆ ಹೆಚ್ಚು. ಹಾಕಿಸಿದರೆ ಆಪರೇಷನನ್ನೇ ಮುಂದೂಡಬೇಕಾದೀತು. ಅಲ್ಲಿಯವರೆಗೆ ಊರುಗೋಲು ಹಿಡಿಯಿರಿ, ನೋಯುವ ಕಾಲಿನ ಕಡೆಯ ಕೈಯಲ್ಲಿ ಅಲ್ಲ, ಎದುರು ಕೈಯಲ್ಲಿ. ಚಪ್ಪಲಿ ಹಾಕಿ ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಲಿ.

ಪ್ರಶ್ನೆ: ಚಿಕುನ್‌ಗುನ್ಯಾ ಬಂದು ನಾಲ್ಕು ತಿಂಗಳಾಯಿತು. ಗಂಟು, ಹಿಮ್ಮಡಿ, ಬೆರಳು ಎಲ್ಲ ನೋವು. ಗಂಟಿಗೆ ಇಂಜೆಕ್ಷನ್ ಕೊಡಿಸಲೇ?
– ಬೆಳ್ತಂಗಡಿ

ಉತ್ತರ: ನಮ್ಮ ದಕ್ಷಿಣ ಕನ್ನಡದಲ್ಲಿ 2008ರಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗ ತಿಂಗಳುಗಟ್ಟಲೆ ಕೀಲು ನೋವು ಅನುಭವಿಸಿದವರು ಅನೇಕರು. ಹಲವು ಕೀಲುಗಳು ಒಟ್ಟಿಗೆ ನೋಯುವಾಗ ಒಂದೊಂದಕ್ಕೂ ಚುಚ್ಚುತ್ತಾ ಹೋಗುವುದರಲ್ಲಿ ಅರ್ಥವಿಲ್ಲ. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೆರಳು ಮಡಚಲಾಗದಿದ್ದರೆ ಸಂಧಿವಾತದ ರಕ್ತ ಪರೀಕ್ಷೆ ಮಾಡಿಸಿ, ವಾತರೋಗ ತಜ್ಞರನ್ನು ಕಾಣಿ. ಒಂದೇ ಗಂಟು ಮಾತ್ರ ಬಾತು ಉಳಿದಿದ್ದರೆ ಆಗ ಇಂಜೆಕ್ಷನ್ ವಿಚಾರ ಮಾಡಬಹುದು.

ಪ್ರಶ್ನೆ: ಇಂಜೆಕ್ಷನ್ ಆದ ಮೇಲೆ ವಿಶ್ರಾಂತಿ ಎಷ್ಟು ದಿನ? ಇಗರ್ಜಿಯಲ್ಲಿ ಮೊಣಕಾಲೂರಬಹುದೇ? ನಡೆಯಬಹುದೇ?
– ಶಿರ್ವ

ಉತ್ತರ: ಪೂರ್ತಿ ವಿಶ್ರಾಂತಿ ಬೇಡ. ಎರಡು ದಿನ ಮೆಟ್ಟಿಲು ಹತ್ತಿಳಿಯುವುದು, ಭಾರ ಹೊರುವುದು, ತೋಟದ ಗುಡ್ಡ ಏರುವುದು ಕಡಿಮೆ ಮಾಡಿ, ಮನೆಯೊಳಗೆ ನಡೆದಾಡಿ. ಮೊಣಕಾಲೂರುವುದನ್ನು ಎರಡು ವಾರ ಬಿಡಿ. ನಂತರವೂ ದಪ್ಪ ಮೆತ್ತೆ ಹಾಕಿ, ಎದುರಿನ ಬೆಂಚು ಹಿಡಿದು ಊರಿ. ಆಗದಿದ್ದರೆ ಕೂತೇ ಪ್ರಾರ್ಥಿಸಿ. ನಮಾಜು ಮಾಡುವವರೂ ಕುರ್ಚಿ ಬಳಸಬಹುದು.

ಮೂರನೆಯ ದಿನದಿಂದ ವ್ಯಾಯಾಮ ಶುರುಮಾಡಿ. ನೋವು ಇಳಿದಿರುವ ಈ ಆರೆಂಟು ವಾರ ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಲು ಸಿಕ್ಕಿದ ಸಮಯ. 2020ರಲ್ಲಿ ಅಮೆರಿಕದಿಂದ ಬಂದ 156 ಮಂದಿಯ ಅಧ್ಯಯನದಲ್ಲಿ ಸ್ಟೆರಾಯ್ಡ್ ಪಡೆದವರಿಗಿಂತ ಫಿಸಿಯೋಥೆರಪಿ ಮಾಡಿದವರೇ ಒಂದು ವರ್ಷದ ಕೊನೆಗೆ ನೋವು, ಓಡಾಟ ಎರಡರಲ್ಲೂ ಮುಂದಿದ್ದರು. ಇಂಜೆಕ್ಷನ್ ಆದ ದಿನವೇ ಫಿಸಿಯೋ ಚೀಟಿಯನ್ನೂ ಬರೆಸಿಕೊಳ್ಳಿ.

ಮನೆಯಲ್ಲಿ ಮಾಡಲು ಮೂರು. ಮಂಚದ ಮೇಲೆ ಕಾಲು ನೀಡಿ ಕೂತು, ಗಂಟಿನ ಅಡಿಗೆ ಸುತ್ತಿದ ಬೈರಾಸು ಇಟ್ಟು, ಗಂಟಿನಿಂದ ಅದನ್ನು ಕೆಳಕ್ಕೆ ಅದುಮಿ 5 ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಮಲಗಿ, ಒಂದು ಕಾಲು ಮಡಚಿ, ನೋಯುವ ಕಾಲನ್ನು ನೇರವಾಗಿಯೇ ಒಂದಡಿ ಎತ್ತಿ 5 ಎಣಿಸಿ ನಿಧಾನವಾಗಿ ಇಳಿಸಿ. ಗಂಟು ಬಾಗಿದರೆ ಲೆಕ್ಕಕ್ಕಿಲ್ಲ. ಇವೆರಡು ಸುಲಭವಾದ ಮೇಲೆ, ಕೈಯ ಆಧಾರ ಇಲ್ಲದೆ ಕುರ್ಚಿಯಿಂದ ಎದ್ದು ಕೂರುವುದು, ಒಮ್ಮೆಗೆ ಐದರಿಂದ ಶುರುಮಾಡಿ ಹತ್ತಕ್ಕೆ. ಕುರ್ಚಿ ತಗ್ಗಾಗಿದ್ದರೆ ಮೇಲೊಂದು ದಿಂಬು ಇಡಿ. ಮಾಡಿದ ನಂತರದ ನೋವು ಎರಡು ಗಂಟೆಗಿಂತ ಹೆಚ್ಚು ಉಳಿದರೆ ಮರುದಿನ ಅರ್ಧಕ್ಕೆ ಇಳಿಸಿ, ಆದರೆ ನಿಲ್ಲಿಸಬೇಡಿ.

ತೂಕ ಹೆಚ್ಚಿದ್ದರೆ ಅದನ್ನೂ ನೋಡಿ. ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಗಂಟಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಗ್ಗುತ್ತದೆ. ಇಂಜೆಕ್ಷನ್ ದಿನದ ಚೀಟಿಯಲ್ಲಿ ಮದ್ದಿನ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಗಂಟು, ದಿನಾಂಕ, ಇವು ನಾಲ್ಕು ಇವೆಯೇ ಎಂದು ಕೌಂಟರ್ ಬಿಡುವ ಮೊದಲು ಓದಿ ನೋಡಿ. ಬರಿದೇ ‘ಇಂಜೆಕ್ಷನ್ ಕೊಟ್ಟಿದೆ’ ಎಂದಷ್ಟೇ ಇದ್ದರೆ ಮುಂದಿನ ಸಲ ನೋಡುವ ವೈದ್ಯರಿಗೆ ಮೂರು ತಿಂಗಳ ಲೆಕ್ಕ ಎಲ್ಲಿಂದ ಹಿಡಿಯಬೇಕೆಂದೇ ತಿಳಿಯುವುದಿಲ್ಲ.